ಸಣ್ಣ ಮೈಯ ಮಗುವಿಗೆ ಬಟ್ಟೆ ಡೈಪರ್ ಸೋರುತ್ತಿದೆಯೇ? ಪ್ಯಾಡ್ ಹೆಚ್ಚಿಸುವ ಮೊದಲು ತೊಡೆಸಂದು ನೋಡಿ

ಪ್ರಶ್ನೆ: ನನ್ನ ಮಗಳಿಗೆ ನಾಲ್ಕು ತಿಂಗಳು ತುಂಬಿತು. ಹುಟ್ಟಿದಾಗ 2.6 ಕೆ.ಜಿ. ಇದ್ದಳು, ಈಗ 5.1 ಕೆ.ಜಿ. ಆರೋಗ್ಯವಾಗಿದ್ದಾಳೆ ಅಂತ ಡಾಕ್ಟರ್ ಹೇಳಿದ್ದಾರೆ. ಆದರೆ ಮೈ ಸಣ್ಣ, ತೊಡೆಯಂತೂ ಕಡ್ಡಿ. ಬಟನ್ ಹಾಕಿ ಚಿಕ್ಕದು ದೊಡ್ಡದು ಮಾಡಿಕೊಳ್ಳುವ ಫ್ರೀ ಸೈಜ್ ಬಟ್ಟೆ ಡೈಪರ್ ಆರು ತಂದಿದ್ದೇವೆ. ಹಾಕಿ ಮುಕ್ಕಾಲು ಗಂಟೆ ಆಗುವಷ್ಟರಲ್ಲಿ ತೊಡೆಯ ಪಕ್ಕದಿಂದ ಸೋರಿ ಹಾಸಿಗೆ ಒದ್ದೆ. ಎರಡು ಪ್ಯಾಡ್ ಹಾಕಿ ನೋಡಿದೆ, ಇನ್ನೂ ಬೇಗ ಸೋರಿತು. ಸೊಂಟ ಬಿಗಿ ಮಾಡಿದರೆ ಕೆಂಪಗೆ ಗುರುತು ಬೀಳುತ್ತೆ. ಮನೆಗೆ ಬೋರ್ ನೀರು. ನಮ್ಮತ್ತೆ, 'ಇದೆಲ್ಲ ಬಿಟ್ಟು ಹಳೇ ಪಂಚೆ ಹರಿದು ಲಂಗೋಟಿ ಕಟ್ಟು' ಅಂತಾರೆ. ಏನು ಮಾಡಲಿ?
— ಮಂಡ್ಯದ ಒಬ್ಬ ತಾಯಿ

ಉತ್ತರ: ಎರಡು ಪ್ಯಾಡ್ ಹಾಕಿದ ಮೇಲೆ ಇನ್ನೂ ಬೇಗ ಸೋರಿತು ಎಂದು ಬರೆದಿದ್ದೀರಲ್ಲ, ಕಾರಣ ಆ ಮಾತಿನಲ್ಲೇ ಸಿಕ್ಕಿಬಿಡುತ್ತದೆ. ಬಟ್ಟೆ ಸಾಲದೆ ಸೋರುತ್ತಿದ್ದರೆ ಎರಡನೇ ಪ್ಯಾಡ್ ಸ್ವಲ್ಪವಾದರೂ ತಡೆಯಬೇಕಿತ್ತು. ತಡೆಯಲಿಲ್ಲ, ಬದಲಿಗೆ ಹೆಚ್ಚಾಯಿತು. ಅಂದರೆ ನಿಮ್ಮ ಮಗಳ ಡೈಪರ್ ತುಂಬಿ ಸೋರುತ್ತಿಲ್ಲ, ಸಂದಿ ಬಿಟ್ಟು ಸೋರುತ್ತಿದೆ. ಪ್ಯಾಡ್ ದಪ್ಪವಾದಷ್ಟೂ ಅದು ಸಣ್ಣ ತೊಡೆಯ ಪಕ್ಕದಲ್ಲಿ ಎಲಾಸ್ಟಿಕ್ಕನ್ನು ಹೊರಕ್ಕೆ ತಳ್ಳುತ್ತದೆ, ಸಂದಿ ಇನ್ನೂ ಅಗಲವಾಗುತ್ತದೆ. ತೆಳ್ಳಗಿನ ಮಕ್ಕಳ ವಿಷಯದಲ್ಲಿ ಹೆಚ್ಚಿನವರು ಎಡವುವುದು ಇಲ್ಲೇ.

ಲೆಕ್ಕವೂ ಇದನ್ನೇ ಹೇಳುತ್ತದೆ. ಎದೆಹಾಲು ಕುಡಿಯುವ ಮಗು ತನ್ನ ತೂಕದ ಒಂದೊಂದು ಕೆ.ಜಿ.ಗೂ ದಿನಕ್ಕೆ ಹೆಚ್ಚುಕಮ್ಮಿ 150 ಮಿ.ಲೀ. ಹಾಲು ಕುಡಿಯುತ್ತದೆ. ನಿಮ್ಮ ಮಗಳಿಗೆ ಅದು 750 ಮಿ.ಲೀ. ಚಿಲ್ಲರೆ ಆಯಿತು. ಅದರಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು, ಸುಮಾರು 400ರಿಂದ 450 ಮಿ.ಲೀ., ಉಚ್ಚೆಯಾಗಿ ಹೊರಗೆ ಬರುತ್ತದೆ. ಗಂಟೆಗೆ 17ರಿಂದ 19 ಮಿ.ಲೀ. ಮುಕ್ಕಾಲು ಗಂಟೆಗೆ ಹೆಚ್ಚೆಂದರೆ ಹದಿನೈದು ಮಿ.ಲೀ. ಅಷ್ಟೇ, ಔಷಧಿ ಬಾಟಲಿಯ 10 ಮಿ.ಲೀ. ಮುಚ್ಚಳದಲ್ಲಿ ಒಂದೂವರೆ. ಎಲ್ಲವನ್ನೂ ಕಟ್ಟಿಕೊಂಡು ಒಂದೇ ಸಲ ಹೊಯ್ದಳು ಅಂದುಕೊಂಡರೂ ಈ ವಯಸ್ಸಿನ ಮೂತ್ರಕೋಶ ಹಿಡಿಯುವುದು 50 ಮಿ.ಲೀ. ಆಸುಪಾಸು. ಇದನ್ನು ಹೀರಲು ಒಂದು ಒಳ್ಳೆಯ ಪ್ಯಾಡ್ ಸಾಕು, ಹಗಲು ಹೊತ್ತಿನಲ್ಲಿ ಎರಡು ಬೇಕಾಗಿಯೇ ಇಲ್ಲ.

ಆದರೂ ಊಹೆಯ ಮೇಲೆ ಹೋಗಬೇಡಿ. ಮುಂದಿನ ಸಲ ಸೋರಿದ ತಕ್ಷಣ ಒಳಗಿನ ಪ್ಯಾಡ್ ಹೊರಗೆ ತೆಗೆದು ಎರಡೂ ಕೈಯಲ್ಲಿ ಉದ್ದಕ್ಕೆ ಹಿಡಿದು ಮುಟ್ಟಿ ನೋಡಿ. ಒಂದು ಕಡೆ ಮಾತ್ರ ಒದ್ದೆಯಾಗಿ ಉಳಿದದ್ದು ಒಣಗಿಯೇ ಇದ್ದರೆ ಸಂದಿಯ ತೊಂದರೆ, ಇಲ್ಲವೇ ಪ್ಯಾಡ್ ನೀರು ಹೀರುವುದನ್ನೇ ಮರೆತಿದೆ. ತುದಿಯಿಂದ ತುದಿಯವರೆಗೆ ತೊಯ್ದು ಹಿಂಡಿದರೆ ನೀರು ಬರುವಂತಿದ್ದರೆ ಮಾತ್ರ ಬಟ್ಟೆ ಸಾಲದು ಎಂದು ಅರ್ಥ. ಅಡುಗೆಮನೆಯ ತಕ್ಕಡಿ ಇದ್ದರೆ ಇನ್ನೂ ಒಳ್ಳೆಯದು. ಒಣ ಪ್ಯಾಡ್ ತೂಗಿ ಬರೆದಿಡಿ, ಒದ್ದೆಯಾದ ಮೇಲೆ ಮತ್ತೆ ತೂಗಿ. ಹೆಚ್ಚಾದ ಒಂದೊಂದು ಗ್ರಾಂ ಕೂಡ ಒಂದೊಂದು ಮಿ.ಲೀ. ಮೂರು ನಾಲ್ಕು ಸಲ ತೂಗಿದರೆ ನಿಮ್ಮ ಮಗಳ ಲೆಕ್ಕ ನಿಮಗೇ ಗೊತ್ತಾಗುತ್ತದೆ.

ಎಲಾಸ್ಟಿಕ್ ಎಲ್ಲಿ ಕೂರಬೇಕು

ನೀವು ತಂದಿರುವಂಥ ಫ್ರೀ ಸೈಜ್ ಡೈಪರ್‌ನ ಮುಂಭಾಗದಲ್ಲಿ ಮೇಲಿಂದ ಕೆಳಕ್ಕೆ ಮೂರು ಸಾಲು ಟಿಚ್ ಬಟನ್ ಇರುತ್ತದೆ, ಅದು ಎತ್ತರಕ್ಕೆ. ಎರಡು ಬದಿಯ ರೆಕ್ಕೆಗಳಲ್ಲಿ ಇರುವುದು ಸೊಂಟಕ್ಕೆ ಮತ್ತು ತೊಡೆಗೆ. ಇಂಥ ಡೈಪರ್ ಮೇಲೆ ಸಾಮಾನ್ಯವಾಗಿ 5ರಿಂದ 17 ಕೆ.ಜಿ. ಎಂದು ಬರೆದಿರುತ್ತಾರೆ. ನಿಮ್ಮ ಮಗಳು ಆ ಅಳತೆಯ ಬಾಗಿಲಲ್ಲಿ ಈಗ ತಾನೇ ಕಾಲಿಟ್ಟಿದ್ದಾಳೆ. ಜೊತೆಗೆ ಆ ತೂಕವನ್ನು ಗುಂಡುಗುಂಡಾಗಿರುವ ಮಗುವಿನ ತೊಡೆಗೆ ಹೊಂದಿಸಿ ಬರೆದಿರುತ್ತಾರೆ. 5.1 ಕೆ.ಜಿ.ಯ ತೆಳ್ಳಗಿನ ಮಗುವಿಗೆ ಎತ್ತರದ ಬಟನ್ ಎಲ್ಲವನ್ನೂ ಮಡಚಿ ಅತಿ ಚಿಕ್ಕ ಅಳತೆಗೆ ತರಬೇಕು. ಎತ್ತರ ಕಡಿಮೆ ಮಾಡಿದಾಗ ಕಾಲಿನ ತೂತೂ ಚಿಕ್ಕದಾಗುತ್ತದೆ. ಸೊಂಟದ ಬಟನ್ ಒಂದನ್ನೇ ಬಿಗಿ ಮಾಡಿದರೆ ಇದು ಆಗುವುದಿಲ್ಲ.

ಸೊಂಟ ಬಿಗಿದರೆ ಏನಾಗುತ್ತದೆ ಎಂದು ನಿಮಗೇ ಕಾಣುತ್ತದೆ. ಮಗುವನ್ನು ಮಲಗಿಸಿ ಸೊಂಟದ ರೆಕ್ಕೆಯನ್ನು ಎಳೆದು ಹಿಡಿಯಿರಿ, ಕಾಲಿನ ಎಲಾಸ್ಟಿಕ್ ಕಡೆ ಕಣ್ಣಿಡಿ. ರೆಕ್ಕೆ ಮೇಲಕ್ಕೆ ಎಳೆದ ಹಾಗೆಲ್ಲ ತೊಡೆಯ ಒಳಬದಿಯಲ್ಲಿ ಎಲಾಸ್ಟಿಕ್ ಬಾಯಿ ಬಿಡುತ್ತಾ ಹೋಗುತ್ತದೆ. ಸೊಂಟದಲ್ಲಿ ಕೆಂಪು ಗುರುತು, ತೊಡೆಯಲ್ಲಿ ಸೋರಿಕೆ, ಎರಡೂ ಒಟ್ಟಿಗೆ ಬಂದಿರುವುದು ಈ ಒಂದೇ ಕಾರಣಕ್ಕೆ.

ಹಾಗಾದರೆ ಹಾಕುವುದು ಹೇಗೆ? ಮಗುವಿನ ಎರಡೂ ಮಂಡಿ ಮಡಚಿ ಕಪ್ಪೆಯ ಕಾಲಿನ ಹಾಗೆ ಬದಿಗೆ ಬಿಡಿ. ಡೈಪರ್‌ನ ಹಿಂಭಾಗ ಸೊಂಟದ ಮಟ್ಟಕ್ಕೆ ಬರಲಿ, ಬೆನ್ನಿನ ಮೇಲಕ್ಕೆ ಹತ್ತಿಸಬೇಡಿ. ಮುಂಭಾಗವನ್ನು ಕಾಲಿನ ನಡುವೆ ತರುವಾಗ ಎರಡೂ ಬದಿಯನ್ನು ಹೆಬ್ಬೆರಳು ತೋರುಬೆರಳಿನಲ್ಲಿ ಸ್ವಲ್ಪ ಕಿರಿದಾಗಿ ಹಿಡಿದು ತನ್ನಿ. ಎಲಾಸ್ಟಿಕ್ ಕೂರಬೇಕಾದ ಜಾಗ ತೊಡೆಸಂದು, ಅಂದರೆ ಕಾಲು ಹೊಟ್ಟೆಗೆ ಸೇರುವ ಮಡಿಕೆ. ಚಡ್ಡಿಯ ಅಂಚು ಎಲ್ಲಿ ಕೂರುತ್ತದೋ ಅಲ್ಲಿ. ನಿಮ್ಮ ತೋರುಬೆರಳನ್ನು ಆ ಮಡಿಕೆಯುದ್ದಕ್ಕೂ ಮುಂದಿನಿಂದ ಕುಂಡೆಯವರೆಗೆ ಎಳೆದು ಎಲಾಸ್ಟಿಕ್ಕನ್ನು ಒಳಗೆ ಕೂರಿಸಿ. ಹೆಚ್ಚಿನವರು ಇದನ್ನು ಬಿಟ್ಟುಬಿಡುತ್ತಾರೆ. ಆಗ ಎಲಾಸ್ಟಿಕ್ ತೊಡೆಯ ಮಧ್ಯದಲ್ಲಿ ನಿಲ್ಲುತ್ತದೆ. ದಪ್ಪ ತೊಡೆಯಾದರೆ ಅಲ್ಲಿಯೂ ಹಿಡಿದೀತು, ಸಣ್ಣ ತೊಡೆಯಲ್ಲಿ ಮಗು ಒಂದು ಸಲ ಕಾಲು ಒದ್ದರೆ ಸಾಕು, ಬಾಯಿ ಬಿಡುತ್ತದೆ.

ಈಗ ಬಟನ್. ರೆಕ್ಕೆಯಲ್ಲಿ ಮೇಲೆ ಕೆಳಗೆ ಎರಡು ಬಟನ್ ಇದ್ದರೆ ಎರಡನ್ನೂ ಒಂದೇ ನೇರಕ್ಕೆ ಹಾಕಬೇಕು ಎಂಬ ನಿಯಮವೇನೂ ಇಲ್ಲ. ಕೆಳಗಿನದು ತೊಡೆಗೆ ಸೇರಿದ್ದು. ಅದನ್ನು ಮೇಲಿನದಕ್ಕಿಂತ ಒಂದು ಬಟನ್ ಒಳಕ್ಕೆ ಹಾಕಿ. ಸೊಂಟ ಸಡಿಲ, ತೊಡೆ ಬಿಗಿ. ನಿಮ್ಮ ಮಗಳಿಗೆ ಬೇಕಾಗಿರುವುದು ಇದೇ. ಬಟನ್ ಸಾಲು ಮುಗಿದೇ ಹೋದರೆ ಒಂದು ರೆಕ್ಕೆಯ ಮೇಲೆ ಇನ್ನೊಂದು ರೆಕ್ಕೆ ಬರುವ ಹಾಗೆ ಹಾಕಿ. ಕೆಲವು ಡೈಪರ್‌ನಲ್ಲಿ ಇದಕ್ಕೆಂದೇ ರೆಕ್ಕೆಯ ಹೊರಮೈಯಲ್ಲೂ ಒಂದು ಬಟನ್ ಕೊಟ್ಟಿರುತ್ತಾರೆ. ಬಟನ್ನಿಗೆ ಬಟನ್ನಿಗೆ ನಡುವೆ ಎರಡು ಮೂರು ಸೆಂ.ಮೀ. ಅಂತರ ಇರುವುದರಿಂದ ಒಂದರಲ್ಲಿ ಬಿಗಿ, ಪಕ್ಕದ್ದರಲ್ಲಿ ಸಡಿಲ ಆಗುವುದುಂಟು. ತೀರ ತೆಳ್ಳಗಿನ ಮಗುವಿಗೆ ವೆಲ್ಕ್ರೋ ಕವರ್ ಹೆಚ್ಚು ಒಗ್ಗುವುದು ಇದಕ್ಕೇ, ಎಲ್ಲಿ ಬೇಕೋ ಅಲ್ಲಿ ಅಂಟಿಸಬಹುದು. ಆದರೆ ವೆಲ್ಕ್ರೋ ಬಟನ್‌ನಷ್ಟು ಬಾಳುವುದಿಲ್ಲ, ಒಗೆಯುವಾಗ ಬೇರೆ ಬಟ್ಟೆಗೆ ಕಚ್ಚಿಕೊಳ್ಳುತ್ತದೆ. ಅಂದಹಾಗೆ, ಡೈಪರಿಗೆ ಪಿನ್ನಿನ ಬದಲು ಟಿಚ್ ಬಟನ್ ಹಾಕುವ ದಾರಿ ತೋರಿಸಿದ್ದು ಅಮೆರಿಕದ ಮೇರಿಯನ್ ಡೊನೊವನ್ ಎಂಬ ತಾಯಿ. ಸ್ನಾನದ ಮನೆಯ ಪರದೆ ಕತ್ತರಿಸಿ ನೀರು ಸೋರದ ಕವರ್ ಹೊಲಿದವರು ಅವರು, ಅದಕ್ಕೆ 1951ರಲ್ಲಿ ಪೇಟೆಂಟ್ ಸಿಕ್ಕಿತು. ಹಾಸಿಗೆ ಒದ್ದೆಯಾಗುವ ಕಷ್ಟದಿಂದಲೇ ಹುಟ್ಟಿದ ವಸ್ತು ಇದು.

ಹಾಕಿದ ಮೇಲೆ ಪರೀಕ್ಷೆ: ತೊಡೆಯ ಎಲಾಸ್ಟಿಕ್ ಕೆಳಗೆ ನಿಮ್ಮ ಕಿರುಬೆರಳು ಹೋಗಬೇಕು, ಸೊಂಟದಲ್ಲಿ ಎರಡು ಬೆರಳು. ಮಗುವಿನ ಕಾಲನ್ನು ಸೈಕಲ್ ತುಳಿಸಿದ ಹಾಗೆ ನಾಲ್ಕು ಸಲ ಆಡಿಸಿ, ಮತ್ತೆ ಬಗ್ಗಿ ನೋಡಿ. ಒಳಗಿನ ಪ್ಯಾಡಿನ ಬಿಳಿ ಬಟ್ಟೆ ಎಲ್ಲಾದರೂ ಕಂಡರೆ ಅಲ್ಲಿಂದಲೇ ಸೋರುತ್ತದೆ. ತೊಡೆಸಂದಿನಲ್ಲಿ ಕಾಲುಚೀಲದ ಗುರುತಿನಂಥ ತೆಳು ಗೆರೆ ಬಿದ್ದು ಸ್ವಲ್ಪ ಹೊತ್ತಿನಲ್ಲಿ ಮಾಯವಾದರೆ ಚಿಂತೆಯಿಲ್ಲ. ಗೆರೆ ಆಳವಾಗಿದ್ದು ಉಳಿದುಕೊಂಡರೆ, ಚರ್ಮ ತರಚಿದ್ದರೆ ಬಿಗಿ ಹೆಚ್ಚಾಯಿತು.

ಮೊದಲ ದಿನ ಎರಡನೇ ಪ್ಯಾಡ್ ತೆಗೆದುಬಿಡಿ. ಇರುವ ಒಂದು ಪ್ಯಾಡನ್ನೂ ಕಾಲಿನ ನಡುವೆ ಬರುವ ಜಾಗದಲ್ಲಿ ಹತ್ತು ಸೆಂ.ಮೀ.ಗಿಂತ ಅಗಲ ಬಿಡಬೇಡಿ. ಪ್ಯಾಡ್ ಡೈಪರ್‌ಗಿಂತ ಉದ್ದವಾಗಿದ್ದರೆ ಹೆಚ್ಚಾದದ್ದನ್ನು ಮಡಿಸಿ, ಹೆಣ್ಣುಮಗುವಿಗೆ ಆ ಮಡಿಕೆ ನಡುವಿಗೆ ಮತ್ತು ಸ್ವಲ್ಪ ಹಿಂದಕ್ಕೆ ಬರಲಿ, ಉಚ್ಚೆ ಮೊದಲು ಬೀಳುವುದು ಅಲ್ಲಿ. ಗಂಡುಮಗುವಾದರೆ ಮಡಿಕೆ ಮುಂದಕ್ಕೆ ಬರಬೇಕು, ಶಿಶ್ನವನ್ನು ಕೆಳಮುಖವಾಗಿ ಇಟ್ಟು ಡೈಪರ್ ಹಾಕಬೇಕು, ಇಲ್ಲದಿದ್ದರೆ ಹೊಟ್ಟೆಯ ಕಡೆಯಿಂದ ಸೋರುತ್ತದೆ.

ಉಡಿದಾರ, ಎಣ್ಣೆ, ಬೋರ್ ನೀರು

ಡೈಪರ್ ಪೊಟ್ಟಣದ ಮೇಲಿನ ಸೂಚನೆಯಲ್ಲಿ ಬರೆಯದ ಸಂಗತಿಯೊಂದಿದೆ. ನಮ್ಮ ಕಡೆ ಮಗುವಿನ ಸೊಂಟಕ್ಕೆ ಉಡಿದಾರ ಕಟ್ಟಿರುತ್ತೇವೆ. ಆ ಕರಿದಾರ ಡೈಪರ್‌ನ ಸೊಂಟದ ಅಂಚಿನಲ್ಲಿ ಅರ್ಧ ಒಳಗೆ ಅರ್ಧ ಹೊರಗೆ ಸಿಕ್ಕಿಕೊಂಡರೆ ದೀಪದ ಬತ್ತಿ ಎಣ್ಣೆ ಎಳೆಯುವ ಹಾಗೆ ಒಳಗಿನ ಒದ್ದೆಯನ್ನು ಹೊರಕ್ಕೆ ಎಳೆಯುತ್ತದೆ. ಅಂಗಿ ಹೊಟ್ಟೆಯ ಹತ್ತಿರ ಒದ್ದೆ, ಡೈಪರ್ ನೋಡಿದರೆ ಮುಕ್ಕಾಲು ಪಾಲು ಒಣಗಿದೆ ಎಂದರೆ ಮೊದಲು ಉಡಿದಾರ ನೋಡಿ. ಬೆಳ್ಳಿಯ ಉಡಿದಾರ ನೀರು ಎಳೆಯುವುದಿಲ್ಲ, ಆದರೆ ಅದರ ಗುಂಡು ಅಂಚನ್ನು ಎತ್ತಿ ಸಂದಿ ಮಾಡುತ್ತದೆ. ಬಿಚ್ಚುವುದೇನೂ ಬೇಡ. ಡೈಪರ್ ಹಾಕಿದ ಮೇಲೆ ದಾರವನ್ನು ಸುತ್ತಲೂ ಪೂರ್ತಿ ಮೇಲಕ್ಕೆ, ಹೊಟ್ಟೆಯ ಮೇಲೆ ಎಳೆದುಬಿಡಿ. ಅಂಗಿಯ ತುದಿಯೂ ಹಾಗೆಯೇ, ಡೈಪರ್ ಒಳಗೆ ಸೇರಿಸಬೇಡಿ. ಪ್ಯಾಡಿನ ಮೂಲೆಯೊಂದು ಎಲಾಸ್ಟಿಕ್ ಆಚೆಗೆ ಇಣುಕಿದರೂ ಇದೇ ಕಥೆ.

ಎಣ್ಣೆಯದು ಇನ್ನೊಂದು. ದಿನವೂ ಕೊಬ್ಬರಿ ಎಣ್ಣೆಯೋ ಹರಳೆಣ್ಣೆಯೋ ತಿಕ್ಕಿ ನೀರು ಹಾಕುವ ಮನೆಗಳಲ್ಲಿ, ಎಣ್ಣೆ ಹಚ್ಚಿ ನೆನೆಯಲು ಬಿಟ್ಟ ಹೊತ್ತಿನಲ್ಲಿ ಇದೇ ಡೈಪರ್ ಹಾಕಿಡುವ ರೂಢಿ ಉಂಟು. ಆ ಎಣ್ಣೆ ಪ್ಯಾಡಿನ ಎಳೆಗಳಿಗೆ ಹತ್ತುತ್ತದೆ, ಮುಂದೆ ಆ ಪ್ಯಾಡ್ ನೀರನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಎಲಾಸ್ಟಿಕ್ಕಿಗೂ ಅದು ಒಳ್ಳೆಯದಲ್ಲ. ಎಣ್ಣೆಯ ಹೊತ್ತಿಗೆ ಹಳೇ ಬಟ್ಟೆಯ ಲಂಗೋಟಿ ಬೇರೆಯೇ ಎರಡು ಇಟ್ಟುಕೊಳ್ಳಿ. ಸ್ನಾನವಾದ ಮೇಲೆ ತೊಡೆ, ತೊಡೆಸಂದು ಚೆನ್ನಾಗಿ ಒರೆಸಿ ಡೈಪರ್ ಹಾಕಿ. ಕೆಂಪಾಗಿದೆ ಎಂದು ಹಚ್ಚುವ ಬಿಳಿ ಮುಲಾಮೂ ಇದೇ ಕೆಲಸ ಮಾಡುತ್ತದೆ. ಹಚ್ಚಲೇಬೇಕಾದ ದಿನ ಪ್ಯಾಡಿನ ಮೇಲೆ ತೆಳು ಮಲ್ ಬಟ್ಟೆಯ ತುಂಡೊಂದು ಹಾಸಿ.

ನೀವು ಬೋರ್ ನೀರು ಎಂದು ಬರೆದಿದ್ದೀರಿ. ನಮ್ಮ ಭಾಗದ ಬೋರ್ ನೀರು ಬಹುಪಾಲು ಗಡಸು. ಆ ನೀರಿನಲ್ಲಿ ಬಾರ್ ಸೋಪು ತಿಕ್ಕಿದಾಗ ನೊರೆ ಬರುವ ಬದಲು ಒಡೆದ ಮೊಸರಿನಂಥ ಬಿಳಿ ಗಸಿ ಬರುತ್ತದಲ್ಲ, ಅದು ಸೋಪಿನ ಜೊತೆ ನೀರಿನ ಸುಣ್ಣದಂಶ ಸೇರಿ ಆಗಿದ್ದು. ಎಷ್ಟು ಜಾಲಾಡಿದರೂ ಪೂರ್ತಿ ಹೋಗುವುದಿಲ್ಲ, ಒಗೆದ ಹಾಗೆಲ್ಲ ಪ್ಯಾಡಿನಲ್ಲಿ ಪದರ ಕಟ್ಟುತ್ತದೆ. ಒಣಗಿದ ಪ್ಯಾಡ್ ಹಪ್ಪಳದಂತೆ ಸೆಟೆದು ನಿಂತರೆ ಅನುಮಾನ ಪಡಿ. ಪರೀಕ್ಷೆ ಸುಲಭ: ಒಣಗಿದ ಪ್ಯಾಡಿನ ಮೇಲೆ ಒಂದು ಚಮಚ ನೀರು ಬಿಡಿ. ಎರಡು ಮೂರು ಸೆಕೆಂಡಿನಲ್ಲಿ ಒಳಗಿಳಿದರೆ ಸರಿ. ಕೆಸುವಿನ ಎಲೆಯ ಮೇಲಿನ ಹನಿಯ ಹಾಗೆ ಉರುಳಾಡಿದರೆ ಪ್ಯಾಡಿಗೆ ಎಣ್ಣೆಯೋ ಗಸಿಯೋ ಹತ್ತಿದೆ. ಹೊಸ ಹತ್ತಿ ಪ್ಯಾಡ್ ಆಗಿದ್ದರೆ ಇನ್ನೊಂದು ಕಾರಣವೂ ಇದೆ. ಹತ್ತಿಯಲ್ಲಿ ಹುಟ್ಟಿನಿಂದಲೇ ಒಂದು ಬಗೆಯ ಮೇಣ ಇರುತ್ತದೆ, ಐದಾರು ಸಲ ಒಗೆದು ಒಣಗಿಸುವ ತನಕ ಅದು ಪೂರ್ತಿ ಹೀರುವುದಿಲ್ಲ. ಮೈಕ್ರೋಫೈಬರ್ ಎಂಬ ಕೃತಕ ನೂಲಿನ ಪ್ಯಾಡಿಗೆ ಒಂದು ಒಗೆತ ಸಾಕು.

ಹೀರದ ಪ್ಯಾಡನ್ನು ಸರಿಮಾಡಲು ಒಂದು ಬಕೆಟ್ ಬಿಸಿನೀರಿಗೆ, ಅಂದರೆ ಹತ್ತು ಲೀಟರಿಗೆ, ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಚಮಚ ಹಾಕಿ ಪ್ಯಾಡುಗಳನ್ನು ಮಾತ್ರ ಅರ್ಧ ಗಂಟೆ ನೆನೆಸಿ. ಉಜ್ಜಿ, ನೊರೆ ಒಂದು ಚೂರೂ ಬಾರದ ತನಕ ಜಾಲಿಸಿ, ನಾಲ್ಕೈದು ನೀರು ಬೇಕಾಗುತ್ತದೆ. ಎಣ್ಣೆಯಾಗಿದ್ದರೆ ಇಷ್ಟಕ್ಕೇ ಸರಿಹೋಗುತ್ತದೆ. ಸುಣ್ಣದ ಪದರವಾಗಿದ್ದರೆ ದಿನಸಿ ಅಂಗಡಿಯ ನಿಂಬೆ ಉಪ್ಪು ಎರಡು ದೊಡ್ಡ ಚಮಚ ಇನ್ನೊಂದು ಬಕೆಟ್ ನೀರಿಗೆ ಕರಗಿಸಿ ಒಂದು ಗಂಟೆ ನೆನೆಸಿ ಜಾಲಿಸಿ. ನಿಂಬೆ ಉಪ್ಪಿನ ಜೊತೆ ಬ್ಲೀಚಿಂಗ್ ಪುಡಿಯನ್ನಾಗಲಿ ಬ್ಲೀಚ್ ದ್ರವವನ್ನಾಗಲಿ ಯಾವತ್ತೂ ಸೇರಿಸಬಾರದು, ವಿಷದ ಗಾಳಿ ಏಳುತ್ತದೆ. ಪಿಯುಎಲ್ ಎಂದು ಕರೆಯುವ ನೀರು ಬಿಡದ ಹೊರಗವಚವನ್ನು ಈ ಎರಡಕ್ಕೂ ಹಾಕಬೇಡಿ.

ಮುಂದೆ ಪ್ಯಾಡ್ ಒಗೆಯಲು ಬಾರ್ ಸೋಪು ಬಿಟ್ಟು ಡಿಟರ್ಜೆಂಟ್ ಬಳಸಿ, ಗಡಸು ನೀರಿಗೆ ಅದು ವಾಸಿ. ಮೊದಲು ತಣ್ಣೀರಿನಲ್ಲಿ ಉಚ್ಚೆ ಹೋಗುವಂತೆ ಒಂದು ಸಲ ಜಾಲಿಸಿ, ಆಮೇಲೆ ಬಿಸಿನೀರಿನಲ್ಲಿ ಒಗೆಯುವುದು. ಹೊರಗವಚಕ್ಕೆ 60 ಡಿಗ್ರಿ ದಾಟಿದ ನೀರು ಬೇಡ, ಅದರ ಪ್ಲಾಸ್ಟಿಕ್ ಪದರ ಬಟ್ಟೆಯಿಂದ ಬಿಟ್ಟುಕೊಳ್ಳುತ್ತದೆ. ಹಂಡೆಯಿಂದ ಆಗಷ್ಟೇ ತೋಡಿದ ಕುದಿನೀರು ಬೇಡವೆಂದರೆ ಸಾಕು. ಬಟ್ಟೆ ಮೆತ್ತಗಾಗಲು ಹಾಕುವ ಸಾಫ್ಟ್‌ನರ್ ಬೇಡವೇ ಬೇಡ, ಅದು ಮಾಡುವುದೇ ಎಳೆಯ ಮೇಲೆ ಪದರ ಕಟ್ಟುವ ಕೆಲಸ. ಅಂಟುವಾಳಕಾಯಿ ರೇಷ್ಮೆಗೆ ಒಳ್ಳೆಯದು, ಉಚ್ಚೆ ಕಕ್ಕದ ಬಟ್ಟೆಗೆ ಅದರ ಶಕ್ತಿ ಸಾಲದು. ನಲ್ಲಿಯಲ್ಲಿ ಕಾವೇರಿ ನೀರು ಬರುವ ದಿನ ಇದ್ದರೆ ಕೊನೆಯ ಜಾಲಾಟಕ್ಕಾದರೂ ಆ ನೀರು ಹಿಡಿದಿಡಿ. ಮಳೆನೀರು ಸಿಕ್ಕರೆ ಇನ್ನೂ ಒಳ್ಳೆಯದು.

ನಿಮ್ಮ ಅತ್ತೆಯವರ ಮಾತು

ಅವರು ಹೇಳುವುದರಲ್ಲಿ ಹುರುಳಿದೆ. ಹಳೇ ಪಂಚೆ ನೂರಾರು ಸಲ ಒಗೆದು ಮೇಣವೆಲ್ಲ ಹೋಗಿ ಚೆನ್ನಾಗಿ ಹೀರುವ ಹತ್ತಿಬಟ್ಟೆ, ತೆಳುವಾದ್ದರಿಂದ ಬೇಗ ಒಣಗುತ್ತದೆ, ಒಗೆಯಲೂ ಹಗುರ. ಎಲ್ಲಕ್ಕಿಂತ ಮುಖ್ಯ, ಕಟ್ಟುವ ಬಟ್ಟೆ ಮಗುವಿನ ಮೈ ಎಷ್ಟಿದೆಯೋ ಅಷ್ಟಕ್ಕೇ ಕೂರುತ್ತದೆ, ಕಡ್ಡಿ ತೊಡೆಯನ್ನೂ ಸುತ್ತಿ ಹಿಡಿಯುತ್ತದೆ. ಅದರ ಕೊರತೆ ಒಂದೇ, ಹೊರಗೆ ತಡೆಯಿಲ್ಲ. ಹಾಗಾಗಿ ಪಂಚೆ ಒಳಗೆ, ನೀರು ಬಿಡದ ಕವರ್ ಹೊರಗೆ. ನಿಮ್ಮ ಮಗಳ ಮೈಗೆ ಈಗ ಫ್ರೀ ಸೈಜ್ ಡೈಪರ್‌ಗಿಂತ ಈ ಜೋಡಿಯೇ ಉತ್ತಮ.

ಎಂಟು ಮೊಳದ ಪಂಚೆ ಸುಮಾರು 3.6 ಮೀಟರ್ ಉದ್ದ, 1.25 ಮೀಟರ್ ಅಗಲ ಇರುತ್ತದೆ. ಒಂದು ಅಂಚಿನಿಂದ 70 ಸೆಂ.ಮೀ. ಅಗಲ ಬಿಟ್ಟು ಉದ್ದಕ್ಕೆ ಹರಿಯಿರಿ. ಆ ಪಟ್ಟಿಯಲ್ಲಿ 70ಕ್ಕೆ 70 ಸೆಂ.ಮೀ.ನ ಐದು ಚೌಕ ಬರುತ್ತದೆ. ಉಳಿದ 55 ಸೆಂ.ಮೀ. ಅಗಲದ ಪಟ್ಟಿಯನ್ನು 36 ಸೆಂ.ಮೀ.ಗೆ ಒಂದರಂತೆ ಕತ್ತರಿಸಿದರೆ ಹತ್ತು ತುಂಡು. ಒಂದೊಂದನ್ನೂ ಅಗಲಕ್ಕೆ ಮೂರು ಮಡಿಕೆ, ಉದ್ದಕ್ಕೆ ಎರಡು ಮಡಿಕೆ ಮಾಡಿದರೆ 12 ಸೆಂ.ಮೀ. ಅಗಲ, 27 ಸೆಂ.ಮೀ. ಉದ್ದದ ಆರು ಪದರದ ಪ್ಯಾಡ್ ಆಯಿತು. ಜರಿ ಅಂಚು ಇದ್ದರೆ ಕತ್ತರಿಸಿ ತೆಗೆಯಿರಿ, ಚುಚ್ಚುತ್ತದೆ. ಕತ್ತರಿಸಿದ ಅಂಚು ಎಳೆ ಬಿಡದಂತೆ ಹೊಲಿಸಿ.

ಮಡಿಸುವ ಕ್ರಮ ಹೀಗೆ. ಚೌಕವನ್ನು ಹಾಸಿ, ಕೆಳಗಿನ ಅರ್ಧವನ್ನು ಮೇಲಕ್ಕೆ ಮಡಿಸಿ. ಈಗ ಬಲಗಡೆಯ ಅರ್ಧವನ್ನು ಎಡಗಡೆಗೆ ಮಡಿಸಿ. ನಾಲ್ಕು ಪದರದ, 35 ಸೆಂ.ಮೀ. ಚೌಕ ಆಯಿತು. ಬಿಡಿಯಾದ ನಾಲ್ಕು ಮೂಲೆ ಮೇಲೆ ಎಡಗಡೆ ಸೇರಿರುತ್ತವೆ. ಅವುಗಳಲ್ಲಿ ಎಲ್ಲಕ್ಕಿಂತ ಮೇಲಿನ ಒಂದೇ ಪದರದ ಮೂಲೆ ಹಿಡಿದು ಬಲಕ್ಕೆ, ಅದು ಬರುವಷ್ಟು ದೂರ ಎಳೆಯಿರಿ. ಮೇಲ್ಗಡೆ ನೇರ ಅಂಚು, ಕೆಳಗೆ ಮೊನೆ ಇರುವ ತ್ರಿಕೋನ ತೆರೆದುಕೊಳ್ಳುತ್ತದೆ, ಎಡಭಾಗದ ಅಡಿಯಲ್ಲಿ ಚೌಕ ಹಾಗೆಯೇ ಉಳಿದಿರುತ್ತದೆ. ಎಲ್ಲವನ್ನೂ ಒಟ್ಟಿಗೆ ಹಿಡಿದು ಮಗುಚಿ ಹಾಕಿ. ಈಗ ಮೇಲೆ ಕಾಣುವ ಚೌಕದ ಹೊರ ಅಂಚನ್ನು 11-12 ಸೆಂ.ಮೀ. ಅಗಲಕ್ಕೆ ಮಡಿಸುತ್ತಾ ಮಡಿಸುತ್ತಾ ತ್ರಿಕೋನದ ನಡುಗೆರೆಗೆ ತನ್ನಿ. ನಡುವೆ ದಪ್ಪ ಪಟ್ಟಿ, ಎರಡು ಕಡೆ ತೆಳು ರೆಕ್ಕೆ. ಹಗಲಿಗೆ ಇದೇ ಸಾಕು. ಮಗುವನ್ನು ನೇರ ಅಂಚು ಸೊಂಟಕ್ಕೆ ಬರುವಂತೆ ಮಲಗಿಸಿ ಪಟ್ಟಿಯನ್ನು ಕಾಲಿನ ನಡುವೆ ಮೇಲೆ ತನ್ನಿ. ತರುವಾಗ ತೊಡೆಸಂದಿಗೆ ಬರುವ ಅಂಚನ್ನು ಎರಡೂ ಕಡೆ ಬೆರಳಲ್ಲಿ ಒಂದು ಸುತ್ತು ಒಳಕ್ಕೆ ಸುರುಳಿ ಮಾಡಿ. ಆ ಸುರುಳಿಯೇ ಕಟ್ಟೆಯ ಹಾಗೆ ನಿಂತು ತೆಳು ಕಕ್ಕವನ್ನೂ ತಡೆಯುತ್ತದೆ. ರೆಕ್ಕೆಗಳನ್ನು ಮುಂದೆ ತಂದು ಒಂದರ ಮೇಲೊಂದು ಇಟ್ಟು ಒಳಕ್ಕೆ ಸಿಕ್ಕಿಸಿ ಕವರ್ ಹಾಕಿ, ಪಿನ್ನಿನ ಅಗತ್ಯ ಬೀಳುವುದಿಲ್ಲ. ಬಟ್ಟೆಯ ಒಂದು ಎಳೆಯೂ ಕವರ್‌ನ ಆಚೆ ಕಾಣಬಾರದು.

ಕವರ್ ಕೊಳ್ಳುವಾಗ ಫ್ರೀ ಸೈಜ್ ಬೇಡ, 3ರಿಂದ 6 ಅಥವಾ 7 ಕೆ.ಜಿ.ಯವರೆಗಿನ ಸಣ್ಣ ಅಳತೆಯದು ಎರಡು ಮೂರು ತನ್ನಿ. ಕಾಲಿನ ತೂತಿಗೆ ಒಂದರ ಒಳಗೊಂದು ಎರಡು ಸಾಲು ಎಲಾಸ್ಟಿಕ್ ಇರುವುದನ್ನೇ ಹುಡುಕಿ, ಸಣ್ಣ ತೊಡೆಗೆ ಅದರಿಂದ ಆಗುವ ಅನುಕೂಲ ದೊಡ್ಡದು. ಪ್ರತಿ ಸಲ ಕವರ್ ಒಗೆಯಬೇಕಿಲ್ಲ, ಕಕ್ಕ ತಾಗದಿದ್ದರೆ ಒರೆಸಿ ಗಾಳಿಗೆ ಬಿಟ್ಟು ಮತ್ತೆ ಹಾಕಬಹುದು. ಲಂಗೋಟಿ ಮಾತ್ರ ಎರಡು ಎರಡೂವರೆ ಗಂಟೆಗೊಮ್ಮೆ ಬದಲಾಗಲಿ, ಕಕ್ಕ ಮಾಡಿದರೆ ಆ ಕ್ಷಣವೇ. ಹಗಲೂ ರಾತ್ರಿ ಇದೇ ನಡೆಯಬೇಕಾದರೆ ಎರಡು ಮೂರು ಪಂಚೆ ಬೇಕಾಗುತ್ತದೆ.

ಅತ್ತೆಯವರಿಗೆ ಒಂದು ಮಾತು ಗೌರವದಿಂದಲೇ ತಿಳಿಸಿ. ಲಂಗೋಟಿ ಕಟ್ಟಿದ ಮೇಲೆ ಕಾಲು ನೆಟ್ಟಗಾಗಲಿ ಎಂದು ಎರಡೂ ಕಾಲು ಜೋಡಿಸಿ ಬಟ್ಟೆಯಲ್ಲಿ ಬಿಗಿಯಾಗಿ ಸುತ್ತುವುದು ಬೇಡ. ಈ ವಯಸ್ಸಿನ ಸೊಂಟದ ಕೀಲು ಸರಿಯಾಗಿ ಕೂರಬೇಕಾದರೆ ತೊಡೆ ಮಡಚಿ ಬದಿಗೆ ತೆರೆದಿರಬೇಕು.

ರಾತ್ರಿ ಮತ್ತು ಪ್ರಯಾಣ

ಬಟ್ಟೆ ನಿಜವಾಗಿ ಸಾಲದೆ ಹೋಗುವುದು ರಾತ್ರಿ. ಹತ್ತು ಗಂಟೆಗೆ 170ರಿಂದ 190 ಮಿ.ಲೀ. ಆಗುತ್ತದೆ. ಆಗ ಚೌಕದ ಪಟ್ಟಿಯೊಳಗೆ ಪಂಚೆಯ ಪ್ಯಾಡ್ ಒಂದನ್ನು ಸೇರಿಸಿ ಮಡಿಸಿ, ಅದರ ಕೆಳಗೆ ಹೆಂಪ್ ಎಂಬ ನಾರುಬಟ್ಟೆಯ ಅಥವಾ ಹಳೇ ಟರ್ಕಿ ಟವೆಲಿನ ತುಂಡೊಂದನ್ನು ಇಡಿ. ನಿಮ್ಮ ಡೈಪರ್ ಜೊತೆ ಬಂದ ಪ್ಯಾಡ್ ಮೈಕ್ರೋಫೈಬರ್ ಆಗಿದ್ದರೆ ಅದು ಬೇಗ ಹೀರುತ್ತದೆ, ಆದರೆ ಮೇಲೆ ಭಾರ ಬಿದ್ದರೆ ಸ್ಪಂಜಿನ ಹಾಗೆ ಎಲ್ಲವನ್ನೂ ಬಿಟ್ಟುಬಿಡುತ್ತದೆ. ಅದನ್ನು ಬಳಸುವುದಾದರೆ ಅದು ಮೇಲೆ, ನಿಧಾನವಾಗಿ ಹೀರಿ ಹಿಡಿದಿಡುವ ಹತ್ತಿ ಅಥವಾ ಹೆಂಪ್ ಕೆಳಗೆ. ಮೈಕ್ರೋಫೈಬರ್ ನೇರವಾಗಿ ಚರ್ಮಕ್ಕೆ ತಾಗಬಾರದು, ತೇವವನ್ನೆಲ್ಲ ಎಳೆದು ಚರ್ಮ ಒಣಗಿಸುತ್ತದೆ. ಪ್ಯಾಡ್ ಎಷ್ಟು ಹಿಡಿಯುತ್ತದೆ ಎಂದು ತಿಳಿಯಬೇಕಾದರೆ ನೀರಲ್ಲಿ ಅದ್ದಿ, ಹನಿ ನಿಂತ ಮೇಲೆ ತೂಗಿ, ಒಣ ತೂಕ ಕಳೆಯಿರಿ. ಬಂದದ್ದರಲ್ಲಿ ಅರ್ಧವನ್ನು ಮಾತ್ರ ನಂಬಿ, ಉಳಿದದ್ದು ಮಗುವಿನ ಭಾರಕ್ಕೆ ಹೊರಗೆ ಬರುವಂಥದ್ದು. ಇಷ್ಟೆಲ್ಲ ಪದರ ಹಾಕಿದಾಗ ತೊಡೆಯ ಪಕ್ಕ ಮತ್ತೆ ಸಂದಿ ಬೀಳುತ್ತಿದ್ದರೆ ದಪ್ಪ ಕಡಿಮೆ ಮಾಡಿ, ನಡುರಾತ್ರಿ ಹಾಲು ಕೊಡಲು ಎದ್ದಾಗ ಒಂದು ಸಲ ಬದಲಿಸಿ. ಈ ತೂಕಕ್ಕೆ ಅದೇ ಸರಿಯಾದ ದಾರಿ.

ಮಂಡ್ಯದಿಂದ ಮೈಸೂರಿಗೆ 45 ಕಿ.ಮೀ. ಮಡಿಲಲ್ಲಿ ಕೂರಿಸಿಕೊಂಡು ಹೋಗುವಾಗಲೂ ಇದೇ ಹಿಂಡುವ ತೊಂದರೆ ಬರುತ್ತದೆ. ಹೊರಡುವ ಹೊತ್ತಿಗೆ ಹೊಸದಾಗಿ ಬದಲಿಸಿ, ಮೈಕ್ರೋಫೈಬರ್ ಬಿಟ್ಟು ಹತ್ತಿಯದೇ ಹಾಕಿ.

ಒದ್ದೆಯ ಎಣಿಕೆಯ ಮೇಲೂ ಕಣ್ಣಿರಲಿ. ದಿನಕ್ಕೆ ಆರಕ್ಕಿಂತ ಕಡಿಮೆ ಲಂಗೋಟಿ ಒದ್ದೆಯಾದರೆ, ಇಲ್ಲವೇ ತಾಯಿ ಕಾರ್ಡಿನಲ್ಲಿ ತೂಕದ ಗೆರೆ ಮೇಲೇರುವುದು ನಿಂತರೆ ಡೈಪರಿನ ಮಾತು ಬದಿಗಿಟ್ಟು ಡಾಕ್ಟರನ್ನು ಕಾಣಿ. ಮೈ ಸಣ್ಣಗಿರುವುದು ಬೇರೆ, ಬೆಳವಣಿಗೆ ನಿಲ್ಲುವುದು ಬೇರೆ.

ಈಗಿರುವ ಆರು ಡೈಪರನ್ನು ಎಸೆಯಬೇಡಿ. ಆರೂವರೆ ಏಳು ಕೆ.ಜಿ. ಆಗಿ ತೊಡೆ ತುಂಬಿಕೊಂಡಾಗ ಅವು ಸರಿಯಾಗಿ ಕೂರುತ್ತವೆ. ಅಲ್ಲಿಯ ತನಕ ಎಲಾಸ್ಟಿಕ್ ಕಾಪಾಡಿ: ಒದ್ದೆ ಡೈಪರನ್ನು ಒಂದು ತುದಿ ಹಿಡಿದು ಜೋತು ಹಾಕಬೇಡಿ, ಹಗ್ಗದ ಮೇಲೆ ನಡು ಮಡಚಿ ಅಡ್ಡಕ್ಕೆ ಹಾಕಿ. ಪ್ಯಾಡುಗಳು ಸುಡುಬಿಸಿಲಿಗೆ, ಹೊರಗವಚ ನೆರಳಿಗೆ. ಎಲಾಸ್ಟಿಕ್ ಎಳೆದು ಬಿಟ್ಟಾಗ ಹಿಂದಕ್ಕೆ ಬರದೆ ಅಲೆಯಲೆಯಾಗಿ ನಿಂತರೆ ಅದರ ಆಯಸ್ಸು ಮುಗಿದಿದೆ. ಅದನ್ನೂ ಬದಲಿಸಬಹುದು. ಕಾಲಂಚಿನ ಎರಡೂ ತುದಿಯಲ್ಲಿ ಎರಡು ಸೆಂ.ಮೀ. ಹೊಲಿಗೆ ಬಿಚ್ಚಿ ಹಳೆಯದನ್ನು ಎಳೆದು ತೆಗೆದು, ಚೆನ್ನಾಗಿರುವ ಇನ್ನೊಂದು ಡೈಪರ್‌ನ ಎಲಾಸ್ಟಿಕ್ ಎಳೆಯದೆ ಇದ್ದಾಗ ಎಷ್ಟುದ್ದವೋ ಅಷ್ಟೇ ಉದ್ದದ, ಅಷ್ಟೇ ಅಗಲದ ಹೊಸದನ್ನು ಸೇಫ್ಟಿಪಿನ್ನಿಗೆ ಸಿಕ್ಕಿಸಿ ತೂರಿಸಿ ಎರಡು ತುದಿ ಹೊಲಿದರೆ ಆಯಿತು. ಪೇಟೆಬೀದಿಯಲ್ಲಿ ಟೈಲರಿಂಗ್ ಸಾಮಾನು ಕೊಳ್ಳುವಾಗ ಹಳೇ ತುಂಡನ್ನು ಜೊತೆಗೆ ಒಯ್ಯಿರಿ. ಹೊಲಿಗೆ ಮಾತ್ರ ಎಲಾಸ್ಟಿಕ್ಕಿನ ತುದಿಯಲ್ಲೇ ಇರಲಿ, ಪಿಯುಎಲ್‌ನ ನಡುವೆ ಸೂಜಿ ಆಡಿಸಿದರೆ ಆ ತೂತಿನಿಂದಲೇ ಹನಿಯುತ್ತದೆ.